ಹೊಲಿದಿಟ್ಟ ನಾಲ್ಕು ಪುಟ

ನನ್ನ ಪುಸ್ತಕವನ್ನು ಜನ ಅರ್ಧಕ್ಕೇ ಬಿಟ್ಟಿದ್ದಾರೆ, ರದ್ದಿಗೆ ಹಾಕಿದ್ದಾರೆ. ಹೊಲಿದದ್ದು ಮಾತ್ರ ಇದೇ ಮೊದಲು!

ಹೋದ ವಾರ ಬೆಟಗೇರಿಯ ಒಂದು ಲೈಬ್ರರಿಗೆ ಹೋಗಿದ್ದೆ. ಹರೆಯದವರಿಗೆಂದು ನಾನು ಬರೆದ ಕಾದಂಬರಿ ಶೆಲ್ಫಿನಲ್ಲಿತ್ತು. (ಎಲ್ಲಿ ಹೋದರೂ ಮೊದಲು ನಮ್ಮ ಪುಸ್ತಕ ಹುಡುಕುವುದು ಲೇಖಕಿಯರ ಚಟ, ಬಿಡಿ.) ತೆಗೆದು ನೋಡಿದರೆ ಕೊನೆಯ ನಾಲ್ಕು ಪುಟಗಳ ಅಂಚು ಸೇರಿಸಿ ಕೆಂಪು ರೇಷ್ಮೆ ದಾರದಲ್ಲಿ ಹೊಲಿದಿದ್ದರು. ಎಷ್ಟು ನೀಟಾಗಿ ಅಂತೀರಿ! ನನಗೆ ಪಿತ್ತ ನೆತ್ತಿಗೇರಿತು.

"ಹಿಂದಿನ ಓಣಿ ಶಾಂತವ್ವ ಒಯ್ದಿದ್ಲ್ರಿ, ಸೀರಿ ನೇಯಾಕಿ" ಎಂದರು ಲೈಬ್ರರಿಯವರು. ಪುಸ್ತಕ ಹಿಡಿದು ನೆಟ್ಟಗೆ ಅವಳ ಮನೆಗೇ ಹೋದೆ. (ಹೆಸರು ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಬರೆದವಳು ನಾನೇ ಎಂದು ಹೇಳಿ ಹೊಲಿದ ಪುಟ ತೋರಿಸಿದೆ. ಶಾಂತವ್ವ ಮಗ್ಗ ನಿಲ್ಲಿಸಿದಳು. "ನಾನ ಹೊಲದೀನ್ರಿ ಅಕ್ಕಾರ. ಹರದು ಒಗೀಬೇಕಂದ್ರ ಕೈ ಬರಲಿಲ್ಲ. ಪುಸ್ತಕ ಅಂದ್ರ ಸರಸ್ವತಿ ಅಲ್ರಿ?"

"ಹೊಲಿಯೂವಂಥಾದ್ದು ಏನಿತ್ತವ್ವಾ ಅದರಾಗ?"

"ಮಗಗಂತ ಒಯ್ದಿದ್ನಿ. ಮೊದ್ಲ ನಾ ಓದಿ ನೋಡಿದ್ನಿ. ನಿಮ್ಮ ಕತಿಯಾಗಿನ ಹುಡುಗ ಕಡೀಕ ಸಾಯ್ತಾನಲ್ರಿ. ನನ್ನ ಮಗಾ ಈಗ ಬದುಕಾಕ ಹತ್ಯಾನ."

ಮಗ್ಗದ ಪಕ್ಕದಲ್ಲೇ ಕೂತು ಅವಳ ಮಾತು ಕೇಳಿದೆ.

ಮಗ ವೀರೇಶನಿಗೆ ಹದಿನೇಳು. ಗಾಂಜಾದಿಂದ ಶುರುವಾಗಿ ಮಾತ್ರೆಗಳವರೆಗೆ ಹೋಗಿತ್ತು. ಮನೆ ಬಿಟ್ಟು ಹೋದವನು ಸಿಕ್ಕಿದ್ದು ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ. ಚಿಕಿತ್ಸೆಯಾಗಿದೆ. ನಾಲ್ಕು ತಿಂಗಳಿಂದ ಏನೂ ಮುಟ್ಟಿಲ್ಲ. ಈಗ ಓದುವ ಹುಚ್ಚು ಹಿಡಿದಿದೆ.

ಡ್ರಗ್ಸ್ ಬಗ್ಗೆ ನಮ್ಮಂಥವರು ಬರೆದರೆ ಕಥೆ ಒಂದೇ. ಕೆಟ್ಟ ಗೆಳೆಯ, ಮೊದಲ ದಮ್ಮು, ಕಳ್ಳತನ, ಆಮೇಲೆ ಹೆಣ. ನನ್ನ ಕಾದಂಬರಿಯೂ ಅದೇ. ಹೆದರಿಸಿದರೆ ಸಾಕು ಎಂದುಕೊಂಡಿದ್ದೆ. ಇನ್ನೂ ಶುರು ಮಾಡದವನು ಹೆದರಿಯಾನು. ಆಗಲೇ ಬಿದ್ದವನು ಏನು ಓದಬೇಕು? ಬಿಡಲು ಒದ್ದಾಡಿ, ಎರಡು ಸಲ ಜಾರಿ, ಮೂರನೇ ಸಲ ಎದ್ದು ನಿಲ್ಲುವ ಹುಡುಗನನ್ನು ನಾನೇಕೆ ಬರೆಯಲಿಲ್ಲ? ನಿಜ ಹೇಳುತ್ತೇನೆ, ನಾಚಿಕೆಯಾಯಿತು.

ಅಷ್ಟರಲ್ಲಿ ವೀರೇಶನೇ ಬಂದ. ನಾನು ಯಾರೆಂದು ಅವ್ವ ಹೇಳಿದಳು; ಅವನು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ನಕ್ಕುಬಿಟ್ಟ.

"ಎವ್ವಾ, ನೀ ಹೊಲಿಯೂಕಿಂತ ಮೊದ್ಲ ನಾ ಕಡೀ ಪುಟಾ ಓದಿ ಮುಗಸೇನಿ. ನಾ ಯಾವ ಪುಸ್ತಕಾನೂ ಹಿಂದಿಂದ ಓದಾಂವ!"

ಶಾಂತವ್ವನ ಮುಖ ಸಣ್ಣದಾಯಿತು. "ಅಂಜಿಕಿ ಬರಲಿಲ್ಲೇನೋ?"

"ಬಂತು. ಸಿಟ್ಟೂ ಬಂತು." ನನ್ನ ಕಡೆ ತಿರುಗಿದ. "ಮೇಡಂ, ಕಡೀ ಪುಟದಾಗ ಆ ಹುಡುಗ ಎಂಟ ದಿನಾ ಬೀದ್ಯಾಗ ಬಿದ್ದು ಸಾಯ್ತಾನ. ನಮ್ಮವ್ವ ಮಗ್ಗಾ ಬಿಟ್ಟು, ಊರೂರು ತಿರಗಿ, ಮೂರ ದಿನದಾಗ ನನ್ನ ಹುಡಕಿ ತಂದ್ಲು. ಆ ಹುಡುಗನ ಅವ್ವ ಎಲ್ಲಿ ಹೋಗಿದ್ಲ್ರಿ?"