ಉಗುರಿಲ್ಲದ ಹೆಬ್ಬೆರಳು

ನಮ್ಮ ಕೋಚ್ ಅಂಕಲ್ ಅವರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಆ ಬೋಳು ಬೆರಳಿನಿಂದಲೇ ಮೇಜು, ಬೆಂಚು, ಕಾಫಿ ಲೋಟ, ಕೈಗೆ ಸಿಕ್ಕಿದ್ದನ್ನೆಲ್ಲ ಡಬಡಬ ಕುಟ್ಟುತ್ತಿದ್ದರು. ಉಗುರು ಎಲ್ಲಿ ಹೋಯಿತೆಂದು ಕೇಳಿದರೆ ದಿನಕ್ಕೊಂದು ಕಥೆ. ಒಮ್ಮೆ ಮೊಸಳೆ ಕಚ್ಚಿತು, ಇನ್ನೊಮ್ಮೆ ಎಂಆರ್‌ಟಿ ರೈಲಿನ ಬಾಗಿಲು ತಿಂದಿತು.

ತೈಲ ಕಾರ್ಖಾನೆಗಳ ಜುರಾಂಗ್ ಐಲ್ಯಾಂಡಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಮೇಲೆ ಅವರು ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು ಹೇಳಿಕೊಡುತ್ತಿದ್ದರು. ಕೂತಲ್ಲಿ ಕೂರದ ಮನುಷ್ಯ, ನಮಗೆ ಮಾತ್ರ ‘ತಾಳಿದವನು ಬಾಳಿಯಾನು’ ಎಂಬ ಉಪದೇಶ! ಜೇಬಿನಲ್ಲಿ ಸದಾ ಒಂದು ವರ್ನಿಯರ್ ಕ್ಯಾಲಿಪರ್. ಕ್ಲಬ್ಬು ಕೊಡುವ ತೋಟಾಗಳ ಉದ್ದವನ್ನೂ ಅಳೆದು ನೋಡುವರು. ಫ್ಯಾಕ್ಟರಿಯಿಂದ ಬಂದದ್ದನ್ನು ಇವರೇಕೆ ಅಳೆಯಬೇಕು? ಉಬಿಯಲ್ಲಿದ್ದ ಆಫೀಸಿನಿಂದ ಓಡೋಡಿ ಬಂದು ಕಾಯುತ್ತ ನಿಂತ ನನಗೆ ಮೈ ಉರಿಯುತ್ತಿತ್ತು.

ಕ್ಲಬ್ಬಿನ ತಂಡಕ್ಕೆ ಆಯ್ಕೆ ನಡೆದ ದಿನ ಆಕಾಶಕ್ಕೂ ನೆಮ್ಮದಿ ಇರಲಿಲ್ಲ. ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿದ ಕೂಡಲೇ ಎಲ್ಲರೂ ಪಿಸ್ತೂಲು ಖಾಲಿ ಮಾಡಿ ಒಳಗೆ ಹೋಗಬೇಕು. ಸೈರನ್ ನಿಂತರೆ ಮತ್ತೆ ಬಂದು ತುಂಬಬೇಕು. ತುಂಬಿ ಗುರಿ ಹಿಡಿಯುವಷ್ಟರಲ್ಲಿ ಮತ್ತೆ ಸೈರನ್. ಪ್ರತಿ ಸಲವೂ ಹೊರಬಂದ ತೋಟಾವನ್ನೇ ನಾನು ಶುಭಶಕುನವೆಂದು ಮತ್ತೆ ಎಲ್ಲಕ್ಕಿಂತ ಮೊದಲು ತುಂಬುತ್ತಿದ್ದೆ. ಆ ತಂಡಕ್ಕಾಗಿ ವರ್ಷವಿಡೀ ಒದ್ದಾಡಿದ್ದೆ, ಅಂಕವೂ ಚೆನ್ನಾಗಿತ್ತು.

ಕೊನೆಯ ಸುತ್ತಿಗೆ ಅದೇ ತೋಟಾ ಎತ್ತಿಕೊಂಡೆ. ಹಿಂದೆ ಕಂಬಿ ಕುಟ್ಟುತ್ತಿದ್ದ ಸದ್ದು ಥಟ್ಟನೆ ನಿಂತಿತು.

"ಅಮ್ಮಾ, ಸ್ಟಾಪ್! ಅದನ್ನ ಹಾಕ್ಬೇಡ!" ಎನ್ನುತ್ತ ಅಂಕಲ್ ಹಳದಿ ಗೆರೆ ದಾಟಿ ಬಂದೇಬಿಟ್ಟರು.

ಕೋಚ್ ಗೆರೆ ದಾಟಿದರೆ ಶೂಟರ್ ಔಟ್. ಅವರೇ ನಮಗೆ ಬಾಯಿಪಾಠ ಮಾಡಿಸಿದ್ದ ನಿಯಮ ಅದು. ರೇಂಜ್ ಅಧಿಕಾರಿ ಕೆಂಪು ಬಾವುಟ ಎತ್ತಿದ. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು.

"ಎಲ್ಲಾ ಹಾಳು ಮಾಡ್ಬಿಟ್ರಿ ಅಂಕಲ್! ಒಂದು ಬುಲೆಟ್ ಅಷ್ಟೇ ಲಾ!" ಎಂದು ಅಳುತ್ತಲೇ ಕೂಗಾಡಿದೆ.

ಅವರು ಅದನ್ನು ಹೊಸ ತೋಟಾದ ಪಕ್ಕ ನಿಲ್ಲಿಸಿದರು. ನನ್ನದು ಬರಿಗಣ್ಣಿಗೇ ಗಿಡ್ಡವಾಗಿ ಕಾಣುತ್ತಿತ್ತು. "ನೋಡು, ಲೋಡ್ ಮಾಡ್ದಾಗೆಲ್ಲಾ ಮೂತಿ ಗುದ್ದಿಸ್ಕೊಂಡು ತುದಿಯ ಗುಂಡು ತೋಟಾದ ಕೊಳವೆ ಒಳಗೆ ಹೋಗಿದೆ. ಒಳಗೆ ಮದ್ದಿಗೆ ಜಾಗ ಕಮ್ಮಿ ಆದ್ರೆ ಪ್ರೆಷರ್ ಜಾಸ್ತಿ ಆಗುತ್ತೆ. ಕುಕ್ಕರ್ ವಿಷಲ್ ಬ್ಲಾಕ್ ಆದ್ರೆ ಏನಾಗುತ್ತೆ? ಹಾಗೇ." ಆಮೇಲೆ ಹೆಬ್ಬೆರಳು ಮುಂದೆ ಹಿಡಿದರು. "ಅಮೆರಿಕದಲ್ಲಿದ್ದಾಗ ಖಾಲಿ ತೋಟಾಗೆ ಮದ್ದು, ಗುಂಡು ನಾನೇ ತುಂಬ್ಕೊಳ್ತಿದ್ದೆ. ಒಂದಿನ ಅರ್ಜೆಂಟಲ್ಲಿ ಗುಂಡು ಜಾಸ್ತಿ ಒಳಗೆ ಒತ್ತಿಬಿಟ್ಟೆ, ಲೆಂಗ್ತ್ ಚೆಕ್ ಮಾಡ್ಲಿಲ್ಲ. ಪಿಸ್ತೂಲು ಕೈಯಲ್ಲೇ ಒಡೀತು. ಮೊಸಳೆ ಗಿಸಳೆ ಏನೂ ಇಲ್ಲಮ್ಮ."

ಅರ್ಥವಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಕೆಲವು ವಾರ ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. ಅವರೂ ಓಲೈಸಲು ಬರಲಿಲ್ಲ. ನನ್ನ ತೋಟಾಗಳನ್ನು ಮೊದಲಿನಂತೆಯೇ ಅಳೆದು ಕೊಡುತ್ತಿದ್ದರು.

ಮುಂದಿನ ಆಯ್ಕೆ ಬರುವ ಮೊದಲೇ ಹೃದಯಾಘಾತದಿಂದ ಹೋಗಿಬಿಟ್ಟರು. ಸೆಂಬವಾಂಗಿನ ಅವರ ಫ್ಲಾಟಿದ್ದ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ವಾಯ್ಡ್ ಡೆಕ್‌ನಲ್ಲಿ ಮಲಗಿಸಿದ್ದರು. ಎದೆಯ ಮೇಲೆ ಜೋಡಿಸಿದ್ದ ಕೈಗಳಲ್ಲಿ ಆ ಬೆರಳು ಸುಮ್ಮನಿತ್ತು. ಅದನ್ನು ನೋಡಲಾರದೆ ಬಿಕ್ಕಿ ಬಿಕ್ಕಿ ಅತ್ತೆ.

ಈಗ ನಾನು ತಂಡದಲ್ಲಿದ್ದೇನೆ. ಸೈರನ್ ಕೂಗಿದಾಗ ಹೊರಬಂದ ತೋಟಾವನ್ನು ಅಧಿಕಾರಿಗೆ ಒಪ್ಪಿಸಿ ಹೊಸದು ಕೇಳುತ್ತೇನೆ. ಪಕ್ಕದವರು ಗೊಣಗುತ್ತಾರೆ, ಗೊಣಗಲಿ. ಹೊಸದು ಬರುವವರೆಗೆ ಹೆಬ್ಬೆರಳಿನಿಂದ ಮೇಜು ಕುಟ್ಟುತ್ತಿರುತ್ತೇನೆ. ಉಗುರಿದೆಯಲ್ಲ, ನನ್ನದು ಟಕಟಕ ಎನ್ನುತ್ತದೆ.