ಗೌರವದ ಕುರ್ಚಿಯಲ್ಲಿ ಗಂಗವ್ವ

“ಈಗ ಬಂದಾಂವ ನಮ್ಮ ಬಸಪ್ಪ ಏನ್ರೀ?” ಮೊದಲ ಸಾಲಿನ ಗೌರವದ ಕುರ್ಚಿಯಿಂದ ಹಳಿಯಾಳದ ಗಂಗವ್ವ ಕೇಳಿದಳು. ವೇದಿಕೆಗೆ ಬಂದಿದ್ದವನು ಸಿಂಹಾಸನ ಹೊತ್ತು ತಂದ ಆಳು.

ಅರವತ್ತರ ದಶಕದ ದಾಂಡೇಲಿ. ಕಣ್ಣಿನ ಪೊರೆ ತೆಗೆಸಿಕೊಂಡ ಬಡವರಿಗೆ ಕನ್ನಡಕ ಕೊಡಿಸಲು ಕಾರ್ಖಾನೆಯ ಕೆಲಸಗಾರರು ಸಹಾಯಾರ್ಥ ನಾಟಕ ಆಡುತ್ತಿದ್ದರು. ಗಂಗವ್ವನ ಮಗ ಬಸಪ್ಪನೇ ಅದರಲ್ಲಿ ರಾಜ. ಆಕೆಯ ಕನ್ನಡಕ ಕಾರ್ಯದರ್ಶಿಯಾದ ನನ್ನ ತೊಡೆಯ ಮೇಲಿನ ಪೆಟ್ಟಿಗೆಯಲ್ಲೇ ಇತ್ತು. ಆದರೆ ಅದನ್ನು ನಾಟಕ ಮುಗಿದ ಮೇಲೆ, ಫೋಟೋದವನ ಸಮ್ಮುಖದಲ್ಲಿ, ಮುಖ್ಯ ಅತಿಥಿಗಳು ಅಮೃತಹಸ್ತದಿಂದ ತೊಡಿಸಬೇಕೆಂದು ಸಮಿತಿಯ ಠರಾವು. ಠರಾವು ಮೀರಲು ನಾನೇನು ಅನಾಗರಿಕನೇ?

“ಈಗ ಕೊಟ್ಟಬಿಡ್ರಿ, ಮಗನ್ನ ಒಮ್ಮೆ ನೋಡ್ತೇನಿ,” ಎಂದಳು.

“ತಡೀ ಯವ್ವಾ, ಎಲ್ಲಾ ಪದ್ಧತಿ ಪ್ರಕಾರ ಆಗ್ಲಿ,” ಎಂದೆ.

ಪದ್ಧತಿ ಪ್ರಕಾರವೇ ಆಯಿತು. ರಾಜ ಹಾಡಿದ, ಗೆದ್ದ, ಸತ್ತ, ಪರದೆ ಬಿತ್ತು. ಅತಿಥಿಗಳು ಕನ್ನಡಕ ತೊಡಿಸಿ, ಕರುಣೆಯ ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ಗಂಗವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ ನನ್ನತ್ತ ಬಾಗಿದಳು: “ಇವರ ಪಾರ್ಟ್ ಒಂದ ನೋಡ್ರಿ ನನಗ ಕಂಡದ್ದು.”

ಕಾರ್ಯಕ್ರಮ ಸಂಪೂರ್ಣ ಯಶಸ್ವಿಯಾಯಿತೆಂದು ಸಮಿತಿಗೆ ವರದಿ ಬರೆದವನು ನಾನೇ. ಗಂಗವ್ವನ ಮಾತಿಗೆ ಅದರಲ್ಲಿ ಜಾಗ ಕೊಡಲಿಲ್ಲ. ಅದಕ್ಕೇ ಇಲ್ಲಿ ಬರೆದೆ.