ಎಕ್ಸ್‌ಚೇಂಜ್ ಅಕ್ಕನ ಬಲಗೈ

ನನ್ನ ಹೆಂಡತಿಯ ಬಲಗೈಯನ್ನು ನಂಬಬಾರದು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ, ಅವಳ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ.

ಮೂವತ್ತೊಂದು ವರ್ಷ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನು, ಎದುರಿಗೆ ಕರೆಗಳನ್ನು ಜೋಡಿಸುವ ತೂತುಗಳ ಹಲಗೆ, ಬಲಗೈಯಲ್ಲಿ ಮೋಟು ಪೆನ್ಸಿಲ್. ಕಿವಿಗೆ ಬಿದ್ದ ನಂಬರನ್ನು ಕೈ ತಾನೇ ಬರೆದುಕೊಳ್ಳಬೇಕು, ಕಣ್ಣು ಹಲಗೆ ಬಿಟ್ಟು ಕದಲಬಾರದು. ಊರಿಗೆಲ್ಲ ಅವಳು ಎಕ್ಸ್‌ಚೇಂಜ್ ಅಕ್ಕ. ನಾನು ದರ್ಜಿ, ಈಗಲೂ ಮನೆಯ ಮುಂಗೋಣೆಯಲ್ಲಿ ಹೊಲಿಯುತ್ತೇನೆ. ಆದರೂ ಜನರ ಬಾಯಲ್ಲಿ ನಾನು ಬರೀ ‘ಅಕ್ಕನ ಯಜಮಾನ್ರು’. ಇರಲಿ ಬಿಡಿ.

ಅವಳ ತಾಯಿಗೆ ಅರವತ್ತೆಂಟಕ್ಕೆ ಮರೆವಿನ ಕಾಯಿಲೆ ಶುರುವಾಗಿತ್ತು. ಕೊನೆಕೊನೆಗೆ ಮಗಳನ್ನೇ “ಯಾರಮ್ಮ ನೀನು, ಯಾರು ಬೇಕಿತ್ತು?” ಎಂದು ಕೇಳುತ್ತಿದ್ದರು. ಇವಳಿಗೆ ಅರವತ್ತೈದು ತುಂಬಿದ್ದೇ ತಡ, ಅದೇ ಭಯ ಹಿಡಿಯಿತು. ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ “ನನಗೂ ಶುರುವಾಯ್ತು ಕಣ್ರೀ” ಎನ್ನುವಳು.

ಆಗ ಅವಳ ತಂಗಿ ಇಂಟರ್‌ನೆಟ್ಟಿನಲ್ಲಿ ನಡೆಯುವ ಒಂದು ಅಧ್ಯಯನಕ್ಕೆ ಇವಳ ಹೆಸರು ಬರೆಸಿದಳು. ವಯಸ್ಸಾದವರ ನೆನಪು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ, ಯಾರಿಗೆ ಆ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ನೋಡುವವರು ಅವರು. ನಿದ್ದೆ, ನಡಿಗೆ, ಬಿಪಿ, ಕಿವಿ, ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡುತ್ತೀರಿ, ಎಲ್ಲವನ್ನೂ ಕೇಳುತ್ತಾರೆ. ಕೊನೆಯದಕ್ಕೆ ಉತ್ತರ ತುಂಬಲು ಇವಳಿಗೆ ಜಾಗ ಸಾಲಲಿಲ್ಲ. ಆಮೇಲೆ ವರ್ಷಕ್ಕೊಂದು ಪರೀಕ್ಷೆ: ಕಂಪ್ಯೂಟರ್ ಒಂದಷ್ಟು ಅಂಕಿಗಳನ್ನು ಹೇಳುತ್ತದೆ, ಮುಗಿದ ಮೇಲೆ ಅದೇ ಕ್ರಮದಲ್ಲಿ ಒತ್ತಬೇಕು.

ಎರಡು ವರ್ಷವೂ ಒಂಬತ್ತಕ್ಕೆ ಒಂಬತ್ತು! ಊರಿಗೆಲ್ಲ ಡಂಗುರ ಸಾರಿದಳು. ಅವಳ ಕಾಲು ನೆಲದ ಮೇಲೇ ಇರಲಿಲ್ಲ.

ಮೂರನೇ ವರ್ಷ ಪರೀಕ್ಷೆಯ ಹೊತ್ತಿಗೆ ಟೀ ಕೊಡಲು ಹೋದವನು ಬಾಗಿಲಲ್ಲೇ ನಿಂತೆ. ಕಣ್ಣು ಪರದೆಯ ಮೇಲಿದೆ, ಬಲಗೈ ಮಾತ್ರ ಪಕ್ಕದ ಚೀಟಿಯಲ್ಲಿ ತನ್ನ ಪಾಡಿಗೆ ತಾನು ಅಂಕಿ ಬರೆಯುತ್ತಿದೆ. ಒತ್ತುವಾಗ ಕಣ್ಣು ಒಂದು ಗಳಿಗೆ ಅಲ್ಲಿಗೆ ಇಳಿದು ಬರುತ್ತಿದೆ.

“ಏನೇ ಇದು, ಕಾಪಿ ಹೊಡೀತಿದ್ದೀಯಾ?”

“ಯಾರು, ನಾನಾ?” ಚೀಟಿ ನೋಡಿದವಳ ಮುಖ ಬಿಳಿಚಿಕೊಂಡಿತು. “ಅಯ್ಯೋ! ಬರೆದಿದ್ದೇ ಗೊತ್ತಾಗಿಲ್ಲ ಅಂದ್ರೆ ಅಮ್ಮನ ದಾರೀನೇ ಹಿಡಿದಿದ್ದೀನಿ ನಾನು.”

“ಅದು ಮರೆವಲ್ಲ ಮಾರಾಯ್ತಿ, ಅಭ್ಯಾಸ. ನಾನು ನಿದ್ದೇಲಿ ಮಿಷನ್ ತುಳೀತೀನಿ ಅಂತ ನೀನೇ ಬೈತೀಯಲ್ಲ!”

ಮೂರು ದಿನ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. “ಒಂಬತ್ತು ಹಾಗೇ ಇರಲಿ ಬಿಡ್ರಿ. ನಿಜ ಗೊತ್ತಾಗೋದೇ ಬೇಡ” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಳ್ಳೋ ಗಿರಾಕಿಗಳು ಬರ್ತಾರಲ್ಲ, ನೀನೂ ಅದೇ ಜಾತಿ. ಆಮೇಲೆ ಗುಂಡಿ ಹಾಕೋಕಾಗಲ್ಲ, ಬೈಗುಳ ಮಾತ್ರ ನನಗೆ!” ಬಾಯಿಗೆ ಬಂದಂತೆ ಬೈದೆ, ನಿಜ. ಆದರೆ ಭಯ ನನಗೂ ಇತ್ತು. ‘ಯಾರು ಬೇಕಿತ್ತು?’ ಎಂದು ಅವಳು ನನ್ನನ್ನೇ ಕೇಳುವ ದಿನ ನೆನೆದು ನಡುರಾತ್ರಿ ಎದ್ದು ಕೂರುತ್ತಿದ್ದೆ.

ಮರುದಿನ ಅವಳೇ ಅಧ್ಯಯನದವರಿಗೆ ಬರೆದಳು: “ಹಿಂದಿನ ಅಂಕಗಳು ನನ್ನವಲ್ಲ, ಪೆನ್ಸಿಲಿನವು. ತೆಗೆದುಹಾಕಿ.” ಹಳೆಯದನ್ನು ಬದಿಗಿಡುತ್ತೇವೆ, ಹೊಸದಾಗಿ ಕೊಡಿ, ಹೆಚ್ಚೋ ಕಡಿಮೆಯೋ ಮುಖ್ಯವಲ್ಲ, ಬದಲಾಗುತ್ತದೆಯೇ ಎಂದು ನೋಡುವುದು ಮುಖ್ಯ ಎಂದು ಉತ್ತರ ಬಂತು.

“ಈ ಕೈ ಹಿಡ್ಕೊಂಡು ಕೂತ್ಕೊಳ್ಳಿ” ಎಂದಳು. ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಅವುಚಿಕೊಂಡೆ. ಬೆರಳು ನನ್ನ ಅಂಗೈಯೊಳಗೇ ಏಳು, ನಾಲ್ಕು ಎಂದು ಗೀಚಲು ಹೊರಟಿತು; ಬಿಗಿಯಾಗಿ ಒತ್ತಿ ಹಿಡಿದೆ. ಅವಳು ಎಡಗೈಯಲ್ಲಿ ಉತ್ತರ ಒತ್ತಿದಳು. ಬಂದದ್ದು ಆರು.

“ಬರೀ ಆರಾ!”

“ಹೊಟ್ಟೆ ಬಿಟ್ಟು ಕೊಟ್ಟ ಅಳತೆ ಕಣೇ. ಮುಂದಿನ ವರ್ಷ ಇದಕ್ಕೇ ಹಿಡಿದು ನೋಡೋಣ.”

ಆ ಮುಂದಿನ ವರ್ಷ ಮೊನ್ನೆ ಬಂತು. ಅವಳಿಗೀಗ ಅರವತ್ತೆಂಟು. ಒಂದು ಕಾಲರನ್ನು ನಾನು ಎರಡು ಸಲ ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ. ಆಮೇಲೆ ಕೈ ಹಿಡಿದು ಕೂತೆ. ಅಂಗೈ ಬೆವರುತ್ತಿತ್ತು, ಯಾರದೆಂದು ಹೇಳಲಾರೆ.

“ಆರು ರೀ! ಇಳಿದಿಲ್ಲ, ಆರೇ ಇದೆ!” ಎಂದು ಕೂಗಿದಳು. ನನಗೆ ಅಳು ಬಂತು, ಮುಚ್ಚಿಡುವುದೇನಿದೆ? ಅವಳು ಆಗಲೇ ಫೋನು ಎಳೆದುಕೊಂಡು ತಂಗಿಯ ನಂಬರನ್ನು ಏನನ್ನೂ ನೋಡದೆ ಎಡಗೈಯಲ್ಲೇ ಒತ್ತುತ್ತಿದ್ದಳು. ಬಲಗೈ ಇನ್ನೂ ನನ್ನ ಹತ್ತಿರವೇ ಇತ್ತು.